ಸ್ವಯಂ ಜೋಡಣೆ: ಎಷ್ಟು ಸ್ವಯಂ?

‘ಸೂಕ್ಷ್ಮ ಕಣಗಳು ತಾವಾಗಿಯೇ ಸಾಲುಗಟ್ಟಿ ಸ್ಫಟಿಕವಾಗುತ್ತವೆ’ ಎಂಬ ವಾಕ್ಯ ಜನಪ್ರಿಯ ವಿಜ್ಞಾನ ಲೇಖನಗಳಲ್ಲಿ ಸವೆದುಹೋಗಿದೆ. ಆ ಸ್ಫಟಿಕ ಯಾವ ರಚನೆಯದು, ಅದನ್ನು ನಿರ್ಧರಿಸಿದವರು ಯಾರು ಎಂದು ವಿದ್ಯಾರ್ಥಿ ಕೇಳಿದರೆ ಅದರಲ್ಲಿ ಉತ್ತರವಿಲ್ಲ. ವಾನ್ ಬ್ಲಾಡರೆನ್, ರುಯೆಲ್ ಮತ್ತು ವಿಲ್ಟ್ಸಿಯಸ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವನ್ನು ಈ ಪ್ರಶ್ನೆ ಇಟ್ಟುಕೊಂಡೇ ಓದಬೇಕು.

ತೆಳುವಾದ ಪಾಲಿಮರ್ ಪದರದಲ್ಲಿ ಅವರು ಎಲೆಕ್ಟ್ರಾನ್ ದೂಲದ ನೆರವಿನಿಂದ ಗುಳಿಗಳನ್ನು ಚೌಕ ಜಾಲಕದಂತೆ ಮೂಡಿಸಿದರು. ದ್ರವದಲ್ಲಿದ್ದ, ಸುಮಾರು 1 ಮೈಕ್ರೋಮೀಟರ್ ವ್ಯಾಸದ ಸಿಲಿಕಾ ಗೋಳಗಳನ್ನು ಅದರ ಮೇಲೆ ನಿಧಾನವಾಗಿ ತಳಕ್ಕಿಳಿಯಲು ಬಿಟ್ಟರು. ದೊರೆತದ್ದು ಮುಖಕೇಂದ್ರಿತ ಘನ ಸ್ಫಟಿಕ.

ಚೌಕವೇ ಏಕೆ? ಗೋಲಿಗಳನ್ನು ತೆಗೆದುಕೊಳ್ಳಿ. ಸಪಾಟು ತಳದಲ್ಲಿ ಅವು ಒತ್ತಾಗಿ ಸೇರಿದರೆ ಪ್ರತಿ ಗೋಲಿಯ ಸುತ್ತ ಆರು ಗೋಲಿಗಳು. ಆ ಪದರದ ಮೇಲೆ ಗೋಲಿಗಳ ಸಂಖ್ಯೆಯ ಎರಡರಷ್ಟು ತಗ್ಗುಗಳಿರುತ್ತವೆ; ಮೇಲಿನ ಪದರ ಅರ್ಧವನ್ನಷ್ಟೇ ಬಳಸಬಲ್ಲದು. ಯಾವ ಅರ್ಧ? ಪ್ರತಿ ಪದರದಲ್ಲೂ ಈ ಪ್ರಶ್ನೆ ಮರಳುತ್ತದೆ. ಎರಡೂ ಬಗೆಯ ಪೇರಿಕೆಗಳ ಮುಕ್ತಶಕ್ತಿಯ ವ್ಯತ್ಯಾಸ ಅತ್ಯಲ್ಪ. ಹಾಗಾಗಿ ಪದರಗಳು ಕ್ರಮತಪ್ಪಿ ಪೇರಿಕೊಳ್ಳುತ್ತವೆ. ಚೌಕ ಪದರದಲ್ಲಾದರೋ ಗೋಲಿಗಳೆಷ್ಟೋ ತಗ್ಗುಗಳೂ ಅಷ್ಟೇ. ಆಯ್ಕೆಗೆ ಎಡೆಯೇ ಇಲ್ಲ. ತಳದ ಗುಳಿಗಳು ಮೊದಲ ಪದರವನ್ನು ಮಾತ್ರ ಹಿಡಿದರೂ, ಮುಂದಿನ ಪದರಗಳ ಗೊಂದಲ ಅಲ್ಲಿಗೇ ತೀರಿತು. ಇಷ್ಟು ಸೊಗಸಾದ ವಾದವನ್ನು ಬಿಟ್ಟು ‘ತಾವಾಗಿಯೇ’ ಎಂದು ಬರೆದು ಮುಂದೆ ಹೋಗುವುದು ನಷ್ಟವೇ ಸರಿ.

ಗುಳಿಗಳ ಅಂತರವನ್ನು ಬೇಕೆಂದೇ ಬದಲಿಸಿ, ಸ್ಫಟಿಕದಲ್ಲಿ ದೋಷಗಳು ಹೇಗೆ ಮೂಡುತ್ತವೆಂದು ಅವರು ನೋಡಿದ್ದು ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾಯಿತು. ಆದರೆ ‘ಕಲಿಲ ಎಪಿಟ್ಯಾಕ್ಸಿ’ ಎಂಬ ಅವರ ಹೆಸರನ್ನು ತರಗತಿಯಲ್ಲಿ ಎಚ್ಚರದಿಂದ ಬಳಸಬೇಕು. ಎಪಿಟ್ಯಾಕ್ಸಿಯಲ್ಲಿ ಪರಮಾಣುಗಳು ಸಾಮಾನ್ಯವಾಗಿ ತಳದೊಡನೆ ಬಂಧ ಬೆಳೆಸುತ್ತವೆ. ಇಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಗುಳಿಯ ಆಕಾರ, ಗೋಳದ ತೂಕ, ಜೊತೆಗೆ ಸರಿಯಾದ ಸ್ಥಾನ ಹುಡುಕಲು ನೆರವಾಗುವ ಬ್ರೌನಿಯನ್ ಚಲನೆ. ಗೋಳಗಳನ್ನು ಅವಸರದಿಂದ ಇಳಿಸಿದರೆ ಹುಡುಕಲು ವೇಳೆಯೇ ಸಿಗದು. ಇನ್ನೊಂದು ಮಿತಿ: ಎಲೆಕ್ಟ್ರಾನ್ ದೂಲದ ಬರಹ ನಿಧಾನ, ದುಬಾರಿ, ದೊಡ್ಡ ಹರವಿಗೆ ಒಗ್ಗದು.

ಇಂಥ ಸ್ಫಟಿಕಗಳಿಂದ ಬೆಳಕಿನ ಚಿಪ್ ಇನ್ನೇನು ಬಂತು ಎಂಬ ಉತ್ಸಾಹವೂ ಲೇಖನಗಳಲ್ಲಿ ಕಂಡಿದೆ. ಸಿಲಿಕಾದ ವಕ್ರೀಭವನಾಂಕ ಸುಮಾರು 1.45. ಯಾವ ದಿಕ್ಕಿನಲ್ಲೂ ಒಂದು ಬಣ್ಣದ ಬೆಳಕು ಹಾಯದಂತೆ ತಡೆಯಲು ಅದು ಸಾಲದು. ಗೋಳಗಳ ನಡುವಿನ ತೆರಪಿನಲ್ಲಿ ಸಿಲಿಕಾನ್‌ನಂಥ ಹೆಚ್ಚಿನ ವಕ್ರೀಭವನಾಂಕದ ವಸ್ತುವನ್ನು ತುಂಬಿ, ಆಮೇಲೆ ಗೋಳಗಳನ್ನೇ ಕರಗಿಸಿ ತೆಗೆಯಬೇಕು.