ಪ್ರಳಯದ ಚಿತ್ರಕ್ಕೂ ಲೆಕ್ಕ ಬೇಕು

ಹಡಗು ಮುಳುಗುವುದು, ಗಗನಚುಂಬಿ ಕಟ್ಟಡಕ್ಕೆ ಬೆಂಕಿ ಬೀಳುವುದು, ಜ್ವಾಲಾಮುಖಿ ಬಾಯಿ ಬಿಡುವುದು, ಆಕಾಶದಿಂದ ಬಂಡೆ ಉರುಳುವುದು - ಇವನ್ನೆಲ್ಲ ದುಡ್ಡು ಕೊಟ್ಟು ನೋಡುವ ಚಟ ನಮ್ಮಲ್ಲಿ ಬಹಳ ಮನೆಗಳಿಗಿದೆ. ರಜೆಯ ದಿನ ನಾಲ್ಕು ಸಂಸಾರ ಒಂದೆಡೆ ಸೇರಿ, ಬಿಸಿಬೇಳೆಬಾತ್ ಮುಗಿಸಿ, ಸಿನಿಮಾ ಆರಿಸುವ ಕೆಲಸವನ್ನು ಮಕ್ಕಳಿಗೆ ಬಿಟ್ಟರೆ ಬಹುಪಾಲು ಬರುವುದು ಇಂಥದೇ ಒಂದು ಚಿತ್ರ. ಕೆಲವು ಚಿತ್ರ ಮುಗಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಇನ್ನು ಕೆಲವು ಮುಗಿಯುವ ಮುಂಚೆಯೇ ಹಿರಿಯರು ಕಾಫಿಗೆ ಏಳುತ್ತಾರೆ. ಎರಡರಲ್ಲೂ ಜನ ಸಾಯುತ್ತಾರೆ, ಎರಡಕ್ಕೂ ಕೋಟಿಗಟ್ಟಲೆ ಡಾಲರ್ ಸುರಿದಿರುತ್ತಾರೆ. ಹಾಗಾದರೆ ವ್ಯತ್ಯಾಸ ಎಲ್ಲಿ?

ನಮ್ಮ ಅಭಿಪ್ರಾಯ ಇಷ್ಟು: ಒಳ್ಳೆಯ ಪ್ರಳಯಚಿತ್ರ ಲೆಕ್ಕ ಇಡುತ್ತದೆ. ಎಷ್ಟು ಹೊತ್ತಿದೆ, ಎಷ್ಟು ದಾರಿಯಿದೆ, ಯಾರು ಉಳಿದರು, ಯಾರು ಹೋದರು ಎಂಬುದು ಅದಕ್ಕೆ ಗೊತ್ತಿರುತ್ತದೆ. ನಮಗೂ ಗೊತ್ತಾಗುವಂತೆ ಹೇಳುತ್ತದೆ. ಕೆಟ್ಟ ಚಿತ್ರ ಬರೀ ಖರ್ಚು ಮಾಡುತ್ತದೆ.

ಎಲ್ಲರೂ ನೋಡಿರುವ ‘ಟೈಟಾನಿಕ್’ ಅನ್ನೇ ಮೊದಲು ತೆಗೆದುಕೊಳ್ಳೋಣ. ಜೇಮ್ಸ್ ಕ್ಯಾಮರೂನ್ 1997ರಲ್ಲಿ ತೆಗೆದ ಈ ಚಿತ್ರ ಮೂರು ಗಂಟೆಗೂ ಹೆಚ್ಚು ಓಡುತ್ತದೆ. ಹಡಗು ಮುಳುಗುತ್ತದೆಂದು ಟಿಕೆಟ್ ಕೊಳ್ಳುವಾಗಲೇ ಎಲ್ಲರಿಗೂ ಗೊತ್ತು. ಆದರೂ ಕೂತ ಕಡೆಯಿಂದ ಏಳಲಾಗುವುದಿಲ್ಲ. ಏಕೆಂದರೆ ಹಡಗಿನ ಮೂತಿ ಹೇಗೆ ತಗ್ಗಿತು, ನಡುವೆ ಹೇಗೆ ಮುರಿಯಿತು ಎಂಬುದನ್ನು ಆರಂಭದಲ್ಲೇ ಕಂಪ್ಯೂಟರ್ ಚಿತ್ರದಲ್ಲಿ ತೋರಿಸಿಬಿಡುತ್ತಾರೆ. ಮುಂದೆ, ಹಡಗಿನ ವಿನ್ಯಾಸಕಾರ ಆಂಡ್ರ್ಯೂಸ್ ದೋಣಿಗಳು ಎಲ್ಲರಿಗೂ ಸಾಲವೆಂದು ನಾಯಕಿಗೆ ಹೇಳುತ್ತಾನೆ. 1912ರಲ್ಲಿ ನಿಜವಾಗಿಯೂ ಇದ್ದದ್ದು 20 ದೋಣಿ, 1,178 ಜನರಿಗೆ ಜಾಗ. ಹಡಗಿನಲ್ಲಿದ್ದವರು ಸುಮಾರು 2,200. ಹಿಮಗಡ್ಡೆ ತಗುಲಿದ ಮೇಲೆ ಅದೇ ಆಂಡ್ರ್ಯೂಸ್ ನಕ್ಷೆ ಹರಡಿ, ಮೊದಲ ನಾಲ್ಕು ವಿಭಾಗಗಳಿಗೆ ನೀರು ನುಗ್ಗಿದರೂ ಹಡಗು ತೇಲುತ್ತದೆ, ಐದಕ್ಕೆ ನುಗ್ಗಿದರೆ ತೇಲದು ಎನ್ನುತ್ತಾನೆ. ನುಗ್ಗಿರುವುದು ಐದಕ್ಕೆ! ಅಲ್ಲಿಂದ ಮುಂದೆ ಕೂಡುವುದು ಕಳೆಯುವುದು ನಮ್ಮ ಕೆಲಸ. ಅರ್ಧ ಖಾಲಿಯಾದ ಒಂದು ದೋಣಿ ನೀರಿಗಿಳಿದರೆ ಹೊಟ್ಟೆ ಹಿಂಡಿದಂತಾಗುವುದು ಈ ಲೆಕ್ಕ ಗೊತ್ತಿರುವುದರಿಂದಲೇ.

ಇದಕ್ಕಿಂತ 25 ವರ್ಷ ಹಿಂದೆ, 1972ರಲ್ಲಿ, ‘ದಿ ಪೊಸೈಡನ್ ಅಡ್ವೆಂಚರ್’ ಬಂದಿತ್ತು. ಹೊಸ ವರ್ಷದ ರಾತ್ರಿ ದೈತ್ಯ ಅಲೆಯೊಂದಕ್ಕೆ ಸಿಕ್ಕಿ ಹಡಗು ತಲೆಕೆಳಗಾಗುತ್ತದೆ. ಈಗ ತಳವೇ ಮೇಲೆ. ಬದುಕಬೇಕಾದರೆ ಅಲ್ಲಿಗೆ ಹತ್ತಬೇಕು. ಕ್ರಿಸ್‌ಮಸ್ ಮರವೇ ಏಣಿ. ನಿಯಮ ಇಷ್ಟು ಸರಳ, ಮಕ್ಕಳಿಗೂ ಅರ್ಥವಾಗುತ್ತದೆ. ಹತ್ತು ಜನ ಹೊರಡುತ್ತಾರೆ, ಆರು ಜನ ಹೊರಬರುತ್ತಾರೆ. ದಾರಿಯಲ್ಲಿ ಬಿದ್ದ ನಾಲ್ವರ ಹೆಸರೂ ನಮಗೆ ಗೊತ್ತು. ಮಿಸೆಸ್ ರೋಸೆನ್ ಎಂಬ ದಪ್ಪನೆಯ ಅಜ್ಜಿ, ತಾನು ಉಳಿದವರಿಗೆ ಭಾರವಾಗುತ್ತೇನೋ ಎಂದು ಹಿಂಜರಿಯುತ್ತಿದ್ದಾಕೆ, ನೀರು ತುಂಬಿದ ದಾರಿ ಎದುರಾದಾಗ ಈಜಿ ಹೋಗಿ ಮುಂದಾಳುವಿನ ಜೀವ ಉಳಿಸುತ್ತಾಳೆ. ಆಮೇಲೆ ಎದೆ ನಿಂತು ಸಾಯುತ್ತಾಳೆ. ಶೆಲಿ ವಿಂಟರ್ಸ್ ಮಾಡಿದ ಈ ಪಾತ್ರ ಆಸ್ಕರ್‌ಗೆ ನಾಮಕರಣಗೊಂಡಿತ್ತು. ಅಂದಿನ ತಂತ್ರ ಇಂದಿಗೆ ಸಪ್ಪೆಯಾಗಿ ಕಂಡೀತು. ಅಜ್ಜಿಯ ಸಾವು ಮಾತ್ರ ಸಪ್ಪೆಯಾಗಿಲ್ಲ.

2006ರಲ್ಲಿ ಇದನ್ನೇ ‘ಪೊಸೈಡನ್’ ಎಂದು ಮತ್ತೆ ತೆಗೆದರು. ಅಲೆ ಇನ್ನೂ ದೊಡ್ಡದು, ಬೆಂಕಿ ಇನ್ನೂ ಕೆಂಪು. ಆದರೆ ಪಾತ್ರಗಳ ಪರಿಚಯ ಸರಿಯಾಗಿ ಆಗುವ ಮೊದಲೇ ಹಡಗು ಮಗುಚಿರುತ್ತದೆ. ಲಿಫ್ಟ್ ಬಾವಿಯಲ್ಲಿ ಒಬ್ಬ ಪರಿಚಾರಕ, ದಾರಿ ತೋರಿಸಲು ಬಂದವನು, ಶ್ರೀಮಂತ ಪ್ರಯಾಣಿಕನ ಕಾಲು ಹಿಡಿದು ನೇತಾಡುತ್ತಿದ್ದಾಗ ಅವನನ್ನು ಒದ್ದು ಕೆಳಗೆ ಬೀಳಿಸುತ್ತಾರೆ. ಅದು ಅನಿವಾರ್ಯವೇ ಇರಬಹುದು. ಆದರೆ ಚಿತ್ರ ಆ ಸಾವಿನ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮುಂದಿನ ಸ್ಫೋಟಕ್ಕೆ ಅದಕ್ಕೆ ಅವಸರ. ನಮಗೆ ಬೇಸರ ತಂದದ್ದು ಇದೇ.

2009ರ ‘2012’ ಚಿತ್ರ ನಮ್ಮನ್ನು ಇನ್ನೂ ಹೆಚ್ಚು ಕಾಡಬೇಕು. ಭೂಮಿಯ ಒಡಲು ಕಾಯುತ್ತಿದೆಯೆಂದು ಮೊದಲು ಕಂಡುಹಿಡಿಯುವವನು ಭಾರತದ ಗಣಿಯೊಂದರ ಆಳದಲ್ಲಿ ಕೆಲಸ ಮಾಡುವ ಸತ್ನಾಮ್ ಎಂಬ ವಿಜ್ಞಾನಿ. ಅವನ ಲೆಕ್ಕದ ಬಲದಿಂದಲೇ ದೊಡ್ಡ ದೇಶಗಳು ಗುಟ್ಟಾಗಿ ಮಹಾ ನೌಕೆಗಳನ್ನು ಕಟ್ಟುತ್ತವೆ. ಒಂದೊಂದು ಸೀಟಿಗೆ ನೂರು ಕೋಟಿ ಯೂರೋ! ಸತ್ನಾಮನನ್ನು ಕರೆದೊಯ್ಯುತ್ತೇವೆಂದ ವಿಮಾನ ಬರುವುದೇ ಇಲ್ಲ. ಹೆಂಡತಿ ಮಗನೊಡನೆ ಅಲೆಗೆ ಎದುರಾಗಿ ನಿಂತು ಅಮೆರಿಕದ ಗೆಳೆಯನಿಗೆ ಫೋನ್ ಮಾಡುತ್ತಾನೆ, ಅಷ್ಟೆ. ಇಡೀ ಚಿತ್ರ ಈ ಅನ್ಯಾಯದ ಮೇಲೆ ನಿಲ್ಲಬಹುದಿತ್ತು. ಅದರ ಬದಲು ಒಂದು ಪುಟ್ಟ ನಾಯಿ ಓಡಿ ನೌಕೆ ಸೇರುವುದೋ ಇಲ್ಲವೋ ಎಂದು ನಾವು ಉಸಿರು ಬಿಗಿಹಿಡಿಯಬೇಕೆಂದು ನಿರ್ದೇಶಕರು ಬಯಸುತ್ತಾರೆ. ನಾಯಿಯ ಮೇಲೆ ನಮಗೇನೂ ದ್ವೇಷವಿಲ್ಲ, ಬದುಕಲಿ ಪಾಪ! ಆದರೆ ಕೋಟಿಗಟ್ಟಲೆ ಜನ ಹೆಸರಿಲ್ಲದೆ ಕೊಚ್ಚಿಹೋಗುವ ಚಿತ್ರದಲ್ಲಿ ನಾಯಿಯ ಲೆಕ್ಕ ಮಾತ್ರ ಸರಿಯಾಗಿ ಸಿಗುತ್ತದೆ.

‘ಮನರಂಜನೆಗೆ ಇಷ್ಟೊಂದು ತರ್ಕ ಯಾಕೆ ಸ್ವಾಮಿ?’ ಎಂದು ನಮ್ಮ ಸದಸ್ಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. 1996ರ ‘ಟ್ವಿಸ್ಟರ್’ನಲ್ಲಿ ಸುಂಟರಗಾಳಿಗೆ ಸಿಕ್ಕ ಹಸು ಹಾರಿಹೋಗುವಾಗ ನಾವೂ ಮನಸಾರೆ ನಕ್ಕಿದ್ದೇವೆ. ವಿಜ್ಞಾನದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಅಡ್ಡಿಯಿಲ್ಲ. ಅಲ್ಲಿಯೂ ಕೆಲಸ ಸ್ಪಷ್ಟವಾಗಿದೆ: ಅಳೆಯುವ ಉಪಕರಣವನ್ನು ಗಾಳಿಯ ಹೊಟ್ಟೆಯೊಳಗೆ ಸೇರಿಸಬೇಕು. ಪ್ರತಿ ಸಲ ಅದು ತಪ್ಪಿದಾಗ ನಾವೂ ಪೇಚಾಡುತ್ತೇವೆ. ಲೆಕ್ಕವಿದ್ದರೆ ನಗುವಿಗೂ ಜಾಗ ಇರುತ್ತದೆ.

ಇದು ಸಿನಿಮಾಕ್ಕೆ ಮಾತ್ರ ಸೇರಿದ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ ನಮ್ಮ ಕೊಡಗಿನಲ್ಲೂ ಗುಡ್ಡಗಳು ಕುಸಿದವು. ದೂರದೇಶದಲ್ಲಿರುವ ನಮಗೆ ಕಾಣುತ್ತಿದ್ದದ್ದು ಕೊಚ್ಚಿಹೋದ ರಸ್ತೆ, ಜಾರಿದ ಮನೆ. ಬೇಕಾಗಿದ್ದದ್ದು ಒಂದೇ ಸುದ್ದಿ: ನಮ್ಮವರು ಇದ್ದಾರೆಯೇ? ಆ ಕೇರಳದ ನೆರೆಯ ಮೇಲೆ 2023ರಲ್ಲಿ ಜೂಡ್ ಆಂಥನಿ ಜೋಸೆಫ್ ‘2018’ ಎಂಬ ಮಲಯಾಳಂ ಚಿತ್ರ ತೆಗೆದರು. ಹಾಲಿವುಡ್ಡಿನ ದುಡ್ಡು ಅವರ ಬಳಿ ಇರಲಿಲ್ಲ. ಆದರೆ ನೀರು ಮನೆಯೊಳಗೆ ಬರುವ ಹೊತ್ತಿಗೆ ಸೈನ್ಯ ಬಿಟ್ಟು ಬಂದ ಅನೂಪ್, ಮೀನುಗಾರರು, ಊರಿನ ಹಲವರು ನಮಗೆ ನೆರೆಹೊರೆಯವರಾಗಿರುತ್ತಾರೆ. ದೋಣಿಗಳು ಲಾರಿ ಏರಿ ಬರುವಾಗ ಯಾರ ಮನೆಗೆ ಹೋಗಬೇಕೆಂದು ನಾವೇ ಕೂಗಿ ಹೇಳುವಂತಾಗುತ್ತದೆ. ಭಾರತದಿಂದ ಆಸ್ಕರ್ ಸ್ಪರ್ಧೆಗೆ ಆ ವರ್ಷ ಹೋದದ್ದು ಇದೇ ಚಿತ್ರ. ಸಬ್‌ಟೈಟಲ್ ಇಟ್ಟುಕೊಂಡು ಮಕ್ಕಳೊಡನೆ ಖಂಡಿತ ನೋಡಿ.

ಯಾವ ಚಿತ್ರ ನೋಡಿದರೂ ಮುಗಿದ ಮೇಲೆ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: ಸತ್ತವರಲ್ಲಿ ಮೂವರ ಹೆಸರು ಹೇಳು. ಥಟ್ಟನೆ ಹೇಳಿದರೆ ಚಿತ್ರ ಗೆದ್ದಿತೆಂದು ತಿಳಿಯಿರಿ. ನಮ್ಮ ಮಾತು ಒಪ್ಪದವರು, ‘2012’ ಚಿತ್ರದ ಅಭಿಮಾನಿಗಳು ವಿಶೇಷವಾಗಿ, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ನಿಮಗಾಗಿ ಕಾದಿರುತ್ತದೆ.