ತಿರುವು ಚೆಂದ, ಲೆಕ್ಕ ತಪ್ಪು

ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟನ್ನು ಬೈಯುವ ಮುನ್ನ ಅದರ ಮೂರನೆಯ ತಿರುವನ್ನು ಮೆಚ್ಚಬೇಕು. ಏರಿನ ಮೇಲೆ ಬರುವ ಈ ತಿರುವಿನಲ್ಲಿ ಹಾದಿ ಬೇಕೆಂದೇ ಅಗಲವಾಗುತ್ತದೆ. ಎಲ್ಲಿಂದ ಒಳಹೋಗಲಿ ಎಂದು ಚಾಲಕ ಗೊಂದಲಕ್ಕೆ ಬೀಳಲಿ, ಒಬ್ಬ ತಪ್ಪಿದರೆ ಹಿಂದಿನವನು ನುಗ್ಗಲಿ ಎಂಬುದು ಲೆಕ್ಕಾಚಾರ. ಅಲ್ಲಿಂದ ಮುಂದೆ ಕಿಲೋಮೀಟರಿಗೂ ಮಿಕ್ಕಿದ ನೇರ ದಾರಿ, ಅದರ ತುದಿಯಲ್ಲಿ ಜೋರು ಬ್ರೇಕ್. ಸಪಾಟು ನೆಲದಲ್ಲಿ ಮಣ್ಣು ಪೇರಿಸಿ ಏರಿಳಿತ ಸೃಷ್ಟಿಸಿದ್ದು ಜರ್ಮನಿಯ ವಿನ್ಯಾಸಕ ಹರ್ಮನ್ ಟಿಲ್ಕೆ. ಅವರ ಟ್ರ್ಯಾಕುಗಳೆಲ್ಲ ಒಂದೇ ಅಚ್ಚಿನವು ಎಂಬ ದೂರು ಹಳೆಯದು; ಇಲ್ಲಿ ಆ ದೂರು ಅಷ್ಟಾಗಿ ನಿಲ್ಲುವುದಿಲ್ಲ. ಸುಮಾರು 5.1 ಕಿ.ಮೀ. ಉದ್ದದ, 16 ತಿರುವುಗಳ ಈ ಹಾದಿಯನ್ನು ಚಾಲಕರೂ ಹೊಗಳಿದರು.

ಕಾಗದದ ಮೇಲಿನ ಜಾಣ್ಮೆಗೆ ನೆಲ ಮಾತ್ರ ಪೂರ್ತಿ ಸಹಕರಿಸಲಿಲ್ಲ. ಕಾರುಗಳು ಸದಾ ಓಡುವ ಗೆರೆ ಬಿಟ್ಟು ಪಕ್ಕಕ್ಕೆ ಸರಿದರೆ ಧೂಳು, ಜಾರಿಕೆ. ವರ್ಷಪೂರ್ತಿ ಗಾಡಿ ಓಡದ ಟ್ರ್ಯಾಕಿಗೆ ಟೈರಿನ ರಬ್ಬರ್ ಹಿಡಿಯುವುದಾದರೂ ಹೇಗೆ? ಅಷ್ಟು ಅಗಲ ಬಿಟ್ಟಿದ್ದರ ಅರ್ಧ ಫಲ ಧೂಳಿನಲ್ಲೇ ಹೋಯಿತು. 2011ರಲ್ಲಿ ಇಲ್ಲಿನ ಮೊದಲ ಫಾರ್ಮುಲಾ ಒನ್ ಓಟಕ್ಕೆ ಮುನ್ನ ನಡೆದ ಮೊದಲ ಅಭ್ಯಾಸದಲ್ಲಿ ನಾಯಿಯೊಂದು ಟ್ರ್ಯಾಕಿಗೆ ನುಗ್ಗಿ ಓಟ ನಿಲ್ಲಿಸಬೇಕಾಯಿತು. ಜಗತ್ತೆಲ್ಲ ನಕ್ಕಿತು, ನನಗೆ ಅದು ದೊಡ್ಡ ತಪ್ಪು ಅನ್ನಿಸುವುದಿಲ್ಲ. ಬೇಲಿ ಸರಿಪಡಿಸಬಹುದು.

ಸರಿಪಡಿಸಲಾಗದ ತಪ್ಪು ಯೋಜನೆಯ ಬುಡದಲ್ಲೇ ಇತ್ತು. ಇದನ್ನು ಕಟ್ಟಿಸಿದ ಜೇಪೀ ಸಮೂಹಕ್ಕೆ ಸರ್ಕ್ಯೂಟ್ ಎಂಬುದು ಯಮುನಾ ಎಕ್ಸ್‌ಪ್ರೆಸ್‌ವೇ ಬದಿಯಲ್ಲಿ ಏಳಬೇಕಿದ್ದ ಕ್ರೀಡಾನಗರದ ಮುಖಮಂಟಪ. ಮನೆ ಮಾರಾಟವಾದರೆ ಮಂಟಪ ಬೆಳಗುತ್ತದೆ, ಇಲ್ಲದಿದ್ದರೆ ಇಲ್ಲ. ಇತ್ತ ಉತ್ತರ ಪ್ರದೇಶ ಸರ್ಕಾರ ಫಾರ್ಮುಲಾ ಒನ್ ಅನ್ನು ಕ್ರೀಡೆಯೆಂದು ಒಪ್ಪದೆ ಮನರಂಜನೆ ಎಂದು ತೆರಿಗೆ ಕೇಳಿತು. ಇದು ಆಟವೋ ತಮಾಷೆಯೋ ಎಂಬ ಪ್ರಶ್ನೆಯನ್ನು ಡಾಂಬರು ಹಾಕುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬಾರದಿತ್ತೇ? ಮೂರು ವರ್ಷ ಮೂರು ಓಟ, ಮೂರನ್ನೂ ಗೆದ್ದವರು ಸೆಬಾಸ್ಟಿಯನ್ ವೆಟ್ಟೆಲ್. 2013ರಲ್ಲಿ ನಾಲ್ಕನೆಯ ವಿಶ್ವ ಪಟ್ಟ ಖಚಿತವಾದ ಖುಷಿಗೆ ಅವರು ಕಾರನ್ನು ಗಿರಗಿರ ತಿರುಗಿಸಿ ಹೊಗೆ ಎಬ್ಬಿಸಿದರಲ್ಲ, ಆ ಹೊಗೆಯೇ ಕೊನೆ. ಫಾರ್ಮುಲಾ ಒನ್ ಮತ್ತೆ ಬರಲಿಲ್ಲ. ತೆರಿಗೆಯ ಇನ್ನೊಂದು ವ್ಯಾಜ್ಯ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯುವ ಹೊತ್ತಿಗೆ ಗ್ಯಾಲರಿಯ ಕುರ್ಚಿಗಳ ಮೇಲೆ ಧೂಳು ಕೂತಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಮೋಟೋಜಿಪಿ ಬೈಕುಗಳು ಬಂದವು. ಸೆಕೆಗೆ ಹೆದರಿ 24 ಸುತ್ತಿನ ಓಟವನ್ನು 21ಕ್ಕೆ ಇಳಿಸಿದರು.

ಓಡಿಸುವವರೆಲ್ಲಿದ್ದರು ಎಂಬುದನ್ನೂ ಕೇಳಬೇಕು. 2011ರಲ್ಲಿ ಬೆಂಗಳೂರಿನ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡದ ಪರ ಓಡಿದ ಇಬ್ಬರಲ್ಲಿ ಒಬ್ಬರೂ ಭಾರತೀಯರಲ್ಲ. ಭಾರತದ ಚಾಲಕ ನಾರಾಯಣ್ ಕಾರ್ತಿಕೇಯನ್ ಓಡಿದ್ದು ಸ್ಪೇನಿನ ಎಚ್‌ಆರ್‌ಟಿ ಕಾರಿನಲ್ಲಿ.

ಇದಕ್ಕೆ ಎದುರಾಗಿ ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೆಯ ಟ್ರ್ಯಾಕನ್ನು ನೋಡಿ. ಅಲ್ಲಿ ಟಿಲ್ಕೆಯ ವೈಭವವಿಲ್ಲ, ಫಾರ್ಮುಲಾ ಒನ್ ಓಡಿಸುವ ಯೋಗ್ಯತೆಯೂ ಇಲ್ಲ. ಆದರೆ ಶೋಳವರಂನ ಹಳೆಯ ವಿಮಾನ ಪಟ್ಟಿಯ ಮೇಲೆ ರೇಸ್ ನಡೆಸುತ್ತಿದ್ದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ತಮಗೆ ಬೇಕೆಂದು ಕಟ್ಟಿಕೊಂಡ ಟ್ರ್ಯಾಕ್ ಅದು. ಓಡಿಸುವವರು ಮೊದಲು ಹುಟ್ಟಿದರು, ಹಾದಿ ಆಮೇಲೆ. 1990ರಲ್ಲಿ ತೆರೆದದ್ದು ಇಂದಿಗೂ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳನ್ನು ನಡೆಸುತ್ತಿದೆ.

ನೋಯ್ಡಾದ ಕಡೆ, ಬಾಕಿ ಹಣದ ಕಾರಣಕ್ಕೆ ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ 2020ರಲ್ಲಿ ಕ್ರೀಡಾನಗರದ ಜಾಗದ ಹಂಚಿಕೆಯನ್ನೇ ರದ್ದು ಮಾಡಿತು. 2025ರಲ್ಲಿ ಅಲಹಾಬಾದ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಟಿಲ್ಕೆ ಅವರಿಗೆ ಹತ್ತಕ್ಕೆ ಎಂಟು ಅಂಕ ಕೊಡಬಲ್ಲೆ. ಯೋಜನೆ ಹಾಕಿದವರಿಗೆ ಎರಡರ ಮೇಲೆ ಕೊಡಲಾರೆ.