ಕೇಳಿದ್ದು, ಇದ್ದದ್ದು: ಅಂಧ ಪ್ರೋಗ್ರಾಮರುಗಳ ದೋಷವರದಿಯಲ್ಲಿ ಸೌಜನ್ಯದ ನೆಲೆ

ಗಣಕದ ಮೂಲಕ ನಡೆಯುವ ಲಿಖಿತ ವ್ಯವಹಾರದಲ್ಲಿ ಸೌಜನ್ಯವು ಎಲ್ಲಿ ನೆಲೆಸಿರುತ್ತದೆ ಎಂಬ ಪ್ರಶ್ನೆಗೆ ನಮ್ಮ ಶಾಸ್ತ್ರದಲ್ಲಿ ಎರಡು ಸಿದ್ಧ ಉತ್ತರಗಳಿವೆ. ಮೊದಲನೆಯದು ಲಿಪಿಯತ್ತ ಬೆರಳು ತೋರಿಸುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದರೆ ಕೂಗಿದಂತೆ, ನಗುಮುಖದ ಚಿಹ್ನೆ ಸೇರಿಸಿದರೆ ಮಾತಿನ ಮೊನಚು ಕಡಿಮೆ ಮಾಡಿದಂತೆ ಎಂಬ ತಿಳಿವಳಿಕೆ ಡೇವಿಡ್ ಕ್ರಿಸ್ಟಲ್ ಅವರ ‘ಲ್ಯಾಂಗ್ವೇಜ್ ಅಂಡ್ ದಿ ಇಂಟರ್‌ನೆಟ್’ (2001) ಕೃತಿಯ ನಂತರ ಪಠ್ಯಕ್ರಮಗಳೊಳಗೂ ಬಂದು ಕುಳಿತಿದೆ. ಎರಡನೆಯ ಉತ್ತರ ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಅವರದು (1987). ಪ್ರತಿಯೊಬ್ಬ ಭಾಷಿಕನಿಗೂ ಕಾಪಾಡಿಕೊಳ್ಳಬೇಕಾದ ಒಂದು ‘ಮುಖ’ವಿರುತ್ತದೆ, ಅದಕ್ಕೆ ಧಕ್ಕೆಯಾಗುವ ನುಡಿಕ್ರಿಯೆಯನ್ನು ಸುತ್ತುಬಳಸಿಯೋ ಮೃದುಗೊಳಿಸಿಯೋ ಆಡುವುದೇ ಸೌಜನ್ಯ ಎಂಬುದು ಅವರ ವಾದ. ‘ಮುಖಭಂಗ’ ಎಂಬ ಮಾತು ನಮ್ಮ ಬಳಕೆಯಲ್ಲಿ ಮೊದಲಿನಿಂದ ಇರುವುದರಿಂದ ಕನ್ನಡದ ಓದುಗರಿಗೆ ಈ ಪರಿಕಲ್ಪನೆ ಹೊರಗಿನದೆಂದು ಅನ್ನಿಸುವುದಿಲ್ಲ.

ಅಂಧ ಪ್ರೋಗ್ರಾಮರುಗಳು ಸ್ಕ್ರೀನ್ ರೀಡರ್ ತಂತ್ರಾಂಶದ ದೋಷಗಳನ್ನು ಪರಸ್ಪರ ವರದಿ ಮಾಡಿಕೊಳ್ಳುವ ಬರಹಕ್ಕೆ ಈ ಎರಡೂ ಉತ್ತರಗಳು ಸಾಲವು ಎಂಬುದು ನಮ್ಮ ನಿಲುವು. ಆ ಬರಹದಲ್ಲಿ ಸೌಜನ್ಯದ ಭಾರವನ್ನು ಹೊರುವುದು ಸಾಕ್ಷ್ಯದ ವಿಂಗಡಣೆ: ಕಿವಿಗೆ ಬಿದ್ದದ್ದು ಯಾವುದು, ಅದರಿಂದ ಊಹಿಸಿದ್ದು ಯಾವುದು, ಆ ಊಹೆಯ ಹೊಣೆ ಯಾರದು ಎಂಬುದನ್ನು ಬೇರೆ ಬೇರೆಯಾಗಿ ಹೇಳುವ ಶಿಸ್ತು. ಇದಕ್ಕೆ ನಾವು ಆಯ್ದುಕೊಂಡಿರುವುದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರಿನ ದೋಷವರದಿ ನಮೂನೆಯನ್ನು ಮತ್ತು ಅದರ ಬಳಕೆದಾರರ ಕೈಪಿಡಿಯನ್ನು. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ 2006ರಲ್ಲಿ ಆರಂಭಿಸಿ, ಜೇಮ್ಸ್ ಟೆಹ್ ಅವರೊಡನೆ ಬೆಳೆಸಿದ ಈ ತಂತ್ರಾಂಶ ಮುಕ್ತ ಆಕರದ್ದು, ಬಹುಪಾಲು ಪೈಥಾನ್ ಭಾಷೆಯಲ್ಲಿ ಬರೆದದ್ದು. ಇಬ್ಬರೂ ಅಂಧರು. ಹೀಗಾಗಿ ಇಲ್ಲಿ ವರದಿ ಬರೆಯುವವರು, ಓದುವವರು, ತಿದ್ದುವವರು ಮೂವರೂ ಅದೇ ಉಪಕರಣದ ಮೂಲಕ ಪಠ್ಯವನ್ನು ಕೇಳುತ್ತಿರುವ ಸಾಧ್ಯತೆಯುಂಟು. ವರದಿಯ ವಸ್ತುವೇ ವರದಿಯನ್ನು ಓದುವ ಸಾಧನವೂ ಆಗಿರುವ ಇಂಥ ಸಂದರ್ಭ ಭಾಷಾವಿಜ್ಞಾನಕ್ಕೆ ಸುಲಭವಾಗಿ ದೊರೆಯುವಂಥದಲ್ಲ.

ಲಿಪಿಯ ವಿಚಾರವನ್ನು ಬೇಗ ಮುಗಿಸಬಹುದು. ಪೂರ್ತಿ ದೊಡ್ಡಕ್ಷರದಲ್ಲಿರುವ ಪದವನ್ನು ಸಂಶ್ಲೇಷಿತ ಧ್ವನಿ ಸಾಮಾನ್ಯವಾಗಿ ಉಳಿದ ಪದಗಳಂತೆಯೇ ಓದಿ ಮುಂದೆ ಹೋಗುತ್ತದೆ. ದೊಡ್ಡಕ್ಷರಕ್ಕೆ ಸ್ವರವನ್ನು ಏರಿಸುವ ವ್ಯವಸ್ಥೆ ಎನ್‌ವಿಡಿಎಯಲ್ಲಿ ಇದೆಯಾದರೂ ಅದು ಕೆಲಸಕ್ಕೆ ಬರುವುದು ಅಕ್ಷರ ಅಕ್ಷರವಾಗಿ ಓದುವಾಗ. ಅಂದರೆ ಕೂಗಿದವನ ಕೂಗು ಕೇಳುವವನನ್ನು ಮುಟ್ಟುವುದೇ ಇಲ್ಲ. ಚಿಹ್ನೆಗಳ ಪಾಡು ಇದಕ್ಕೆ ತದ್ವಿರುದ್ಧ. ಕಣ್ಣು ಒಂದೇ ನೋಟದಲ್ಲಿ ದಾಟುವ ಐದು ನಗುಮುಖಗಳು ಕಿವಿಗೆ ಐದು ವಿವರಣೆಗಳಾಗಿ ಬರುತ್ತವೆ. ಮೃದುಗೊಳಿಸಲೆಂದು ಇಟ್ಟದ್ದೇ ಹೊರೆಯಾಗುತ್ತದೆ. ಪುಟವನ್ನು ಕಣ್ಣು ಹಾರಿಹಾರಿ ಓದಬಲ್ಲದು. ಸಂಶ್ಲೇಷಿತ ಮಾತು, ಅದನ್ನು ಎಷ್ಟೇ ವೇಗವಾಗಿ ಓಡಿಸಿದರೂ, ಒಂದರ ಹಿಂದೆ ಒಂದು ಬರುವಂಥದು. ಆದ್ದರಿಂದ ಹತ್ತು ಮಂದಿ ‘ನನಗೂ ಹೀಗೆಯೇ ಆಗುತ್ತಿದೆ’ ಎಂದು ಸೇರಿಸುವ ಹತ್ತು ಟಿಪ್ಪಣಿಗಳು ಬೆಂಬಲವನ್ನು ಸೂಚಿಸಿದರೂ ಕೇಳುವವರ ಸಮಯವನ್ನು ತಿನ್ನುತ್ತವೆ. ಅದೇ ಟಿಪ್ಪಣಿಯಲ್ಲಿ ‘ನನ್ನಲ್ಲಿ ವಿಂಡೋಸಿನ ಬೇರೆ ಆವೃತ್ತಿ, ಆದರೂ ಹೀಗೆಯೇ’ ಎಂಬ ಒಂದು ಹೊಸ ಸಂಗತಿ ಇದ್ದರೆ ಅದರ ಬೆಲೆಯೇ ಬೇರೆ.

ಇದಿಷ್ಟೇ ಆಗಿದ್ದರೆ ಬ್ರೌನ್–ಲೆವಿನ್ಸನ್ ಪಕ್ಷದವರು ಸಮಾಧಾನದಿಂದ ಉತ್ತರಿಸಬಹುದಿತ್ತು. ಕಾರ್ಯಸಾಧನೆಯೇ ಮುಖ್ಯವಾದ ಕಡೆ ಅಲಂಕಾರವಿಲ್ಲದ ನೇರ ನುಡಿಗೆ ಅವಕಾಶವಿದೆ, ದೋಷವರದಿ ಆ ಬಗೆಯದು ಎನ್ನಬಹುದಿತ್ತು. ಈ ಉತ್ತರ ವರದಿಯನ್ನು ಸೌಜನ್ಯದ ವ್ಯಾಪ್ತಿಯಿಂದಲೇ ಹೊರಗಿಡುತ್ತದೆ ಎಂಬುದು ನಮ್ಮ ಆಕ್ಷೇಪ. ನಮೂನೆಯನ್ನು ಗಮನವಿಟ್ಟು ಓದಿದರೆ ಅಲ್ಲಿ ಸೌಜನ್ಯದ ಕೆಲಸ ದಂಡಿಯಾಗಿ ನಡೆದಿರುವುದು ತಿಳಿಯುತ್ತದೆ. ದೋಷವನ್ನು ಮರುಕಳಿಸುವ ಹಂತಗಳು, ನಿಜವಾಗಿ ಆದದ್ದು, ಆಗಬೇಕಿದ್ದದ್ದು ಎಂಬ ಮೂರು ಶೀರ್ಷಿಕೆಗಳ ನಂತರ ಅದು ಕೇಳುತ್ತದೆ: ಗಣಕವನ್ನು ಮರಳಿ ಚಾಲೂ ಮಾಡಿದ ಮೇಲೂ ಹೀಗೆಯೇ ಆಗುತ್ತದೆಯೇ? ಬೇರೆ ಆವೃತ್ತಿಗಳಲ್ಲಿ ಪ್ರಯತ್ನಿಸಿದ್ದೀರಾ? ಆಡ್-ಆನ್‌ಗಳನ್ನು ನಿಲ್ಲಿಸಿದಾಗಲೂ ತೊಂದರೆ ಉಳಿಯುತ್ತದೆಯೇ? ಇವು ತಾಂತ್ರಿಕ ಪ್ರಶ್ನೆಗಳು ನಿಜ. ಆದರೆ ಇವುಗಳ ಭಾಷಿಕ ಕಾರ್ಯವೇನು? ‘ತಪ್ಪು ಬಹುಶಃ ನನ್ನ ಕಡೆಯದೇ ಇರಬಹುದು’ ಎಂಬ ವಾಡಿಕೆಯ ವಿನಯವನ್ನು ಅವು ಪರೀಕ್ಷಿಸಬಹುದಾದ ಹೇಳಿಕೆಯಾಗಿ ಮಾರ್ಪಡಿಸುತ್ತವೆ. ‘ಬಹುಶಃ’ ಎನ್ನುವವನು ಅನುಮಾನವನ್ನು ಹಾಗೆಯೇ ಓದುಗನ ತಲೆಗೆ ದಾಟಿಸುತ್ತಾನೆ. ‘ಆಡ್-ಆನ್‌ಗಳನ್ನೆಲ್ಲ ನಿಲ್ಲಿಸಿದೆ, ದೋಷ ಉಳಿಯಿತು’ ಎನ್ನುವವನು ಆ ಅನುಮಾನವನ್ನು ತಾನೇ ಹೊತ್ತು ಇಳಿಸಿ ಬಂದಿದ್ದಾನೆ. ಇವರಿಬ್ಬರಲ್ಲಿ ಹೆಚ್ಚು ಸೌಜನ್ಯವುಳ್ಳವನು ಎರಡನೆಯವನು. ಮೃದುಕಾರಕ ಪದಗಳನ್ನು ಎಣಿಸುವ ವಿಶ್ಲೇಷಣೆ ಮೊದಲನೆಯವನಿಗೆ ಹೆಚ್ಚಿನ ಅಂಕ ಕೊಡುತ್ತದೆ.

ಅನುಮಾನವನ್ನು ಇಳಿಸುವುದು ಅಷ್ಟು ಸರಳವೂ ಅಲ್ಲ. ಜಾಲಪುಟವೊಂದರ ಗುಂಡಿ ತಪ್ಪಾಗಿ ಕೇಳಿಸಿದಾಗ ದೋಷ ಪುಟ ಬರೆದವರಲ್ಲಿರಬಹುದು, ಬ್ರೌಸರಿನಲ್ಲಿರಬಹುದು, ಕಾರ್ಯವ್ಯವಸ್ಥೆ ಒದಗಿಸುವ ಪ್ರವೇಶ ಸೌಲಭ್ಯದ ಪದರದಲ್ಲಿರಬಹುದು, ಸ್ಕ್ರೀನ್ ರೀಡರಿನಲ್ಲೇ ಇರಬಹುದು, ಧ್ವನಿ ಸಂಶ್ಲೇಷಕದಲ್ಲೂ ಇರಬಹುದು. ಬಳಕೆದಾರನಿಗೆ ಕೇಳಿಸುವುದು ಕೊನೆಯ ದನಿ ಒಂದೇ. ಇಲ್ಲಿ ಎರ್ವಿಂಗ್ ಗಾಫ್‌ಮನ್ ‘ಫುಟಿಂಗ್’ ಎಂಬ ಪ್ರಬಂಧದಲ್ಲಿ ಮಾಡಿದ ವಿಭಜನೆ ನೆರವಿಗೆ ಬರುತ್ತದೆ. ಮಾತನ್ನು ಉಚ್ಚರಿಸುವವನು, ಅದರ ಪದಗಳನ್ನು ಹೆಣೆದವನು, ಅದರ ನಿಲುವಿಗೆ ಹೊಣೆಯಾದವನು ಒಬ್ಬನೇ ಆಗಿರಬೇಕಿಲ್ಲ ಎಂದು ಅವರು ತೋರಿಸಿದರು. ಸ್ಕ್ರೀನ್ ರೀಡರ್ ಉಚ್ಚರಿಸುವವನು ಮಾತ್ರ. ‘ಸಲ್ಲಿಸು’ ಎಂಬ ಹೆಸರನ್ನು ಗುಂಡಿಗೆ ಕೊಟ್ಟವರು ಬೇರೆ, ಆ ಗುಂಡಿ ಮಾಡುವ ಕೆಲಸಕ್ಕೆ ಹೊಣೆಯಾದವರು ಇನ್ನೂ ಬೇರೆ. ದೋಷವೆಂದರೆ ಈ ಮೂವರಲ್ಲಿ ತಪ್ಪಿದವರು ಯಾರೆಂದು ತಿಳಿಯದ ಸ್ಥಿತಿ. ಅದನ್ನು ವರದಿ ಮಾಡುವುದೆಂದರೆ ತಿಳಿಯದಿದ್ದಾಗಲೇ ಯಾರೋ ಒಬ್ಬರ ಬಾಗಿಲನ್ನು ತಟ್ಟುವುದು. ಮುಖಭಂಗದ ಅಪಾಯ ಇರುವುದು ಇಲ್ಲಿಯೇ ಹೊರತು ವಾಕ್ಯದ ಒರಟುತನದಲ್ಲಲ್ಲ.

‘ನಿಜವಾಗಿ ಆದದ್ದು’ ಎಂಬ ಶೀರ್ಷಿಕೆಯಡಿ ‘ಎನ್‌ವಿಡಿಎ ಹೀಗೆನ್ನುತ್ತದೆ’ ಎಂದು ಬರೆಯುವ ರೂಢಿ ನಮಗೆ ಮಹತ್ವದ್ದಾಗಿ ಕಾಣುವುದು ಈ ಕಾರಣಕ್ಕೆ. ನಾವೇ ಮಾದರಿಗಾಗಿ ರಚಿಸಿದ ಮೂರು ಕನ್ನಡ ವಾಕ್ಯಗಳನ್ನು ಗಮನಿಸಬಹುದು: ‘ಇಲ್ಲಿ ಗುಂಡಿ ಇಲ್ಲ’, ‘ಇಲ್ಲಿ ಗುಂಡಿ ಇಲ್ಲವಂತೆ’, ‘ಇಲ್ಲಿ ಟ್ಯಾಬ್ ಒತ್ತಿದಾಗ ಎನ್‌ವಿಡಿಎ ಗುಂಡಿ ಎನ್ನುವುದಿಲ್ಲ’. ಮೊದಲನೆಯದು ಜಗತ್ತಿನ ಬಗೆಗಿನ ಹೇಳಿಕೆ. ಎರಡನೆಯದು ವರದಿವಾಚಕ ‘ಅಂತೆ’ಯ ಮೂಲಕ ತಿಳಿವಳಿಕೆ ಬೇರೆಯವರಿಂದ ಬಂದದ್ದೆಂದು ಸೂಚಿಸಿ, ಹೇಳುವವನು ಹಿಂದೆ ಸರಿಯುವ ಬಗೆ. ಮೂರನೆಯದರಲ್ಲಿ ಹೇಳುವವನು ಹಿಂದೆಯೂ ಸರಿಯುವುದಿಲ್ಲ, ಕಿವಿಯನ್ನು ಮೀರಿ ಮುಂದೆಯೂ ಹೋಗುವುದಿಲ್ಲ. ತಾನು ಕೇಳಿದ್ದಕ್ಕೆ ಪೂರ್ಣ ಹೊಣೆ ಹೊತ್ತು, ಇದ್ದದ್ದರ ಬಗ್ಗೆ ತೀರ್ಪನ್ನು ತಡೆಹಿಡಿಯುತ್ತಾನೆ. ‘ಅಂತೆ’ಯನ್ನು ಗಾಳಿಮಾತಿನ ಗುರುತೆಂದು ಮಾತ್ರ ವಿವರಿಸಿ ಬಿಡುವ ವ್ಯಾಕರಣಗಳು ಕನ್ನಡದಲ್ಲಿ ಸಾಕ್ಷ್ಯಸೂಚನೆಗೆ ಇರುವ ಇಂಥ ವಾಕ್ಯರಚನೆಯ ದಾರಿಗಳನ್ನು ಕಡೆಗಣಿಸುತ್ತವೆ. ಇದು ಬೇರೊಂದು ಲೇಖನದ ವಿಷಯ.

ದೋಷವರದಿ ಬರೆಯುವುದು ಹೇಗೆ ಎಂಬುದಕ್ಕೆ ಪ್ರೋಗ್ರಾಮರುಗಳ ನಡುವೆ ಹೆಚ್ಚು ಓದಿಸಿಕೊಂಡ ಬರಹಗಳಲ್ಲಿ ಸೈಮನ್ ಟ್ಯಾಥಮ್ ಅವರ 1999ರ ಪ್ರಬಂಧವೂ ಒಂದು. ಲಕ್ಷಣಗಳನ್ನು ಹೇಳಿ, ರೋಗನಿರ್ಣಯಕ್ಕೆ ಆತುರಪಡಬೇಡಿ ಎಂಬ ಅದರ ವಿವೇಕ ನಾವು ಮೇಲೆ ಹೇಳಿದ ಶಿಸ್ತಿಗೆ ತೀರ ಹತ್ತಿರದ್ದು. ಆದರೆ ಪ್ರಬಂಧದ ಆದರ್ಶ ಸನ್ನಿವೇಶ ‘ತೋರಿಸುವುದು’: ಪ್ರೋಗ್ರಾಮರನನ್ನು ಯಂತ್ರದ ಮುಂದೆ ನಿಲ್ಲಿಸಿ ತಪ್ಪನ್ನು ಕಣ್ಣಾರೆ ಕಾಣಿಸುವುದು. ಆ ಆದರ್ಶ ಇಂದು ಪರದೆಯ ಚಿತ್ರ ಕಳುಹಿಸಿ ಎಂಬ ಬೇಡಿಕೆಯಾಗಿ ಉಳಿದುಕೊಂಡಿದೆ. ವಿವರಣೆಯಿಲ್ಲದ ಚಿತ್ರ ಅಂಧ ಓದುಗನಿಗೆ ಖಾಲಿ ಜಾಗ. ಚಿತ್ರ ಬೇಡುವ ದೃಷ್ಟಿವಂತ ಪ್ರೋಗ್ರಾಮರ್ ಅಂಧ ವರದಿಗಾರನಿಂದ, ಅವನು ತಾನೇ ಪರಿಶೀಲಿಸಲಾಗದ ಸಾಕ್ಷ್ಯವೊಂದನ್ನು ಕೇಳುತ್ತಿದ್ದಾನೆ.

ಇಲ್ಲೊಂದು ಮಾತು. ‘ನೋಡು’ ಎಂಬ ಕ್ರಿಯಾಪದವನ್ನೇ ಅಂಧರೆದುರು ಬಳಸಬಾರದೆಂಬ ದಾಕ್ಷಿಣ್ಯ ದೃಷ್ಟಿವಂತರಲ್ಲಿ ಕೆಲವರಿಗಿದೆ. ‘ಒತ್ತಿ ನೋಡಿ’, ‘ಕೇಳಿ ನೋಡಿ’ ಎಂಬಲ್ಲಿ ನೋಟವೇ ಇಲ್ಲ. ಅದು ಪ್ರಯತ್ನವನ್ನು ಸೂಚಿಸುವ ಸಹಾಯಕ ಕ್ರಿಯಾಪದ. ಪದವನ್ನು ತಪ್ಪಿಸಿ, ಚಿತ್ರವನ್ನು ಮಾತ್ರ ಕೇಳುವ ಸೌಜನ್ಯ ತಲೆಕೆಳಗಾದದ್ದು.

ಮೌನದ ದೋಷಗಳಲ್ಲಿ ಸಾಕ್ಷ್ಯದ ಕಷ್ಟ ಇನ್ನೂ ತೀವ್ರ. ಪರದೆಯ ಮೇಲೆ ಎಚ್ಚರಿಕೆಯ ಸಂದೇಶ ಮೂಡಿದೆ, ಸ್ಕ್ರೀನ್ ರೀಡರ್ ಏನೂ ಹೇಳಲಿಲ್ಲ. ಕೇಳದೆ ಹೋದದ್ದನ್ನು ಕೇಳದವನು ವರದಿ ಮಾಡುವುದು ಹೇಗೆ? ಇದಕ್ಕೆ ತಂತ್ರಾಂಶ ಇಡುವ ದಾಖಲೆಯೇ ಆಧಾರ. ಇನ್‌ಪುಟ್/ಔಟ್‌ಪುಟ್ ಮಟ್ಟದಲ್ಲಿ ದಾಖಲಿಸುವಂತೆ ಹೊಂದಿಸಿದರೆ ಒತ್ತಿದ ಕೀಲಿಗಳು ಮತ್ತು ಉಚ್ಚರಿಸಿದ ಮಾತುಗಳು ಸಾಲಾಗಿ ಬರೆಯಲ್ಪಡುತ್ತವೆ. ಕೀಲಿಯ ಸಾಲಿದ್ದು ಅದರ ಮುಂದೆ ಮಾತಿನ ಸಾಲಿಲ್ಲದಿದ್ದರೆ ಮೌನಕ್ಕೆ ಪುರಾವೆ ದೊರೆತಂತೆ. ಆದರೆ ಅದೇ ದಾಖಲೆಯಲ್ಲಿ ವರದಿಗಾರ ಆ ಹೊತ್ತಿನಲ್ಲಿ ಬರೆದ ಪತ್ರ, ಕೇಳಿದ ಬ್ಯಾಂಕಿನ ಶಿಲ್ಕು ಎಲ್ಲವೂ ಸೇರಿಕೊಳ್ಳಬಹುದು. ಖಾಸಗಿತನದ ಚಿಂತೆಯಿದ್ದವರು ಈ ಮಟ್ಟವನ್ನು ಆರಿಸಬಾರದೆಂದು ಕೈಪಿಡಿಯೇ ಎಚ್ಚರಿಸುತ್ತದೆ. ಮುಖದ ಸಿದ್ಧಾಂತಕ್ಕೆ ಇಲ್ಲಿ ನಿಜವಾಗಿಯೂ ಹೇಳಲು ವಿಷಯವಿದೆ, ಆದರೆ ಅದು ವಾಕ್ಯದ ಮಟ್ಟದಲ್ಲಲ್ಲ. ‘ದಾಖಲೆ ಲಗತ್ತಿಸಿ’ ಎಂಬ ವಿನಂತಿಯನ್ನು ಎಷ್ಟು ‘ದಯವಿಟ್ಟು’ಗಳಿಂದ ಸಿಂಗರಿಸಿದರೂ ಅದು ಒಬ್ಬನ ಒಂದು ದಿನದ ಬದುಕನ್ನು ಬಿಚ್ಚಿಡಲು ಕೇಳುತ್ತದೆ. ದಾಖಲೆಯಲ್ಲಿ ಬೇಕಾದ ತುಣುಕನ್ನಷ್ಟೇ ಗುರುತಿಸಿ ನಕಲಿಸಿಕೊಳ್ಳುವ ಆಜ್ಞೆಯನ್ನು ಎನ್‌ವಿಡಿಎಯಲ್ಲಿ ಒದಗಿಸಿರುವುದನ್ನು ನಾವು ಸೌಜನ್ಯದ ತಂತ್ರವೆಂದೇ ವರ್ಗೀಕರಿಸುತ್ತೇವೆ. ಅದು ಭಾಷಿಕ ಸಾಮಗ್ರಿಯಲ್ಲ ಎಂಬ ಆಕ್ಷೇಪ ಬರಬಹುದು. ಯಾವ ಮಾತನ್ನು ಎಲ್ಲಿಂದ ಎಲ್ಲಿಯವರೆಗೆ ಉದ್ಧರಿಸಬೇಕೆಂಬ ನಿರ್ಧಾರ ಭಾಷಿಕವಲ್ಲವಾದರೆ ಉದ್ಧರಣೆಯ ಅಧ್ಯಯನವನ್ನೇ ನಾವು ಕೈಬಿಡಬೇಕಾದೀತು.

ಕನ್ನಡ ಲಿಪಿಯಲ್ಲಿ ಈ ಸಮಸ್ಯೆ ಎರಡು ದಿಕ್ಕಿನಲ್ಲೂ ಹರಿಯುತ್ತದೆ. ಕಣ್ಣಿಗೆ ಬೇರೆಯಾಗಿದ್ದು ಕಿವಿಗೆ ಒಂದೇ ಆಗುವ ಉದಾಹರಣೆ ‘ರ್ಯ’ ಮತ್ತು ‘ರ‍್ಯ’. ಅರ್ಕಾವತ್ತಿನ ರೂಪಕ್ಕೂ ಪೂರ್ಣ ರಕಾರದ ಕೆಳಗೆ ಯ-ಒತ್ತು ಬರುವ ರೂಪಕ್ಕೂ ಯುನಿಕೋಡಿನಲ್ಲಿರುವ ವ್ಯತ್ಯಾಸ ನಡುವೆ ಸೇರುವ ಅಗೋಚರ ಜೋಡಕ, ದಶಮಾಂಶ ಸಂಕೇತ 8205. ಉಚ್ಚಾರಣೆ ಎರಡಕ್ಕೂ ಒಂದೇ. ಎರಡು ಬಗೆಯಲ್ಲಿ ಬರೆದ ‘ರ‍್ಯಾಲಿ’ ಪದ ಹುಡುಕಾಟದಲ್ಲಿ ತಾಳೆಯಾಗದಿದ್ದರೆ, ಎರಡನ್ನೂ ಸಮನಾಗಿ ಕೇಳಿದ ಅಂಧ ಪ್ರೋಗ್ರಾಮರ್ ‘ಒಂದೇ ಪದ, ತಾಳೆಯಾಗುತ್ತಿಲ್ಲ’ ಎಂದು ಬರೆದರೆ ಅವನು ಕೇಳಿದ್ದನ್ನೇ ನಿಷ್ಠೆಯಿಂದ ಬರೆದಿದ್ದಾನೆ. ಅವನಿಗೆ ‘ಸರಿಯಾಗಿ ನೋಡಿ’ ಎಂದು ಉತ್ತರಿಸುವುದು ಸುಲಭ.

ಕಣ್ಣಿಗೆ ಒಂದೇ ಆಗಿದ್ದು ಕಿವಿಗೆ ಬೇರೆಯಾಗುವ ಉದಾಹರಣೆ ಇನ್ನೂ ಕುತೂಹಲದ್ದು. ಅನುಸ್ವಾರದ (3202) ಜಾಗದಲ್ಲಿ ಕನ್ನಡ ಅಂಕಿ ಸೊನ್ನೆಯನ್ನು (3302) ಒತ್ತಿಬಿಡುವುದು ಕನ್ನಡ ಬೆರಳಚ್ಚಿನಲ್ಲಿ ಹಳೆಯ ಅಭ್ಯಾಸ. ಮುದ್ರಣದಲ್ಲೂ ಪರದೆಯಲ್ಲೂ ‘ಬೆ೦ಗಳೂರು’ ಬಹುಮಟ್ಟಿಗೆ ‘ಬೆಂಗಳೂರು’ ಆಗಿಯೇ ಕಾಣುತ್ತದೆ. ಸಂಶ್ಲೇಷಕಕ್ಕಾದರೋ ಅದು ಅನುನಾಸಿಕವಲ್ಲ, ಅಂಕಿ. ಪದ ನಡುವೆ ಮುರಿದು ಕೇಳಿಸುತ್ತದೆ. ಗಾಫ್‌ಮನ್ ಅವರ ಪರಿಭಾಷೆಯಲ್ಲಿ ತಪ್ಪು ಪದ ಹೆಣೆದವನದು. ದೂರು ಹೋಗುವುದು ಉಚ್ಚರಿಸಿದವನ ಮೇಲೆ. ಪಠ್ಯವನ್ನು ಸಿದ್ಧಪಡಿಸಿದ ದೃಷ್ಟಿವಂತರು ‘ನಮ್ಮಲ್ಲಿ ಸರಿಯಾಗಿಯೇ ಇದೆ’ ಎಂದು ಪ್ರಾಮಾಣಿಕವಾಗಿ ಹೇಳಬಲ್ಲರು. ದೋಷವನ್ನು ಮೊದಲು ಪತ್ತೆಹಚ್ಚಿದ ಕಿವಿಯೇ ಅನುಮಾನಕ್ಕೆ ಗುರಿಯಾಗುತ್ತದೆ. ಎನ್‌ವಿಡಿಎಯಲ್ಲಿ ಅಕ್ಷರದ ಮೇಲೆ ನಿಂತು ಪ್ರಸ್ತುತ ಅಕ್ಷರವನ್ನು ಓದುವ ಕೀಲಿಯನ್ನು ಮೂರು ಬಾರಿ ಒತ್ತಿದರೆ ಅದರ ಸಂಕೇತ ಸಂಖ್ಯೆ ಕೇಳಿಸುತ್ತದೆ. 3302 ಎಂಬ ಆ ಸಂಖ್ಯೆಯನ್ನು ವರದಿಯಲ್ಲಿ ಬರೆದ ಮೇಲೆ, ಪದ ಕಣ್ಣಿಗೆ ಹೇಗೆ ಕಾಣುತ್ತದೆಂಬುದು ಆ ಚರ್ಚೆಗೆ ಸಂಬಂಧಿಸಿದ ಸಂಗತಿಯಾಗಿ ಉಳಿಯುವುದಿಲ್ಲ.